ಬಾವಿಯಲ್ಲಿ ಸಿಕ್ಕ ಹಸಿರು ಜೇಡಿ ಬಣ್ಣವಾಗುತ್ತದಾ?

ಪ್ರಶ್ನೆ: ಉಡುಪಿಯಿಂದ ಸ್ವಲ್ಪ ಒಳಗೆ ನಮ್ಮ ಹಳೆಯ ಮನೆ ಇದೆ. ಬೇಸಿಗೆಯಲ್ಲಿ ಬಾವಿ ಆಳ ಮಾಡಿಸುವಾಗ ಕೆಂಪುಕಲ್ಲಿನ ಕೆಳಗೆ ಹಸಿರು ಬಣ್ಣದ ಜೇಡಿಮಣ್ಣು ಬಂತು. ಅಜಂತಾದ ಚಿತ್ರಗಳಿಗೆ ಹಸಿರು ಮಣ್ಣನ್ನೇ ಬಳಸಿದ್ದಾರೆ ಎಂದು ಓದಿದ್ದೆ. ಹಾಗಾಗಿ ಒಂದು ಬುಟ್ಟಿ ಎತ್ತಿಟ್ಟೆ. ಒಣಗಿದ ಮೇಲೆ ಅದು ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಅಂಗಡಿಯಿಂದ ‘ಟೆರ್ ವರ್ಟ್’, ಅಂದರೆ ಹಸಿರು ಮಣ್ಣು, ಎಂಬ ಎಣ್ಣೆಬಣ್ಣದ ಟ್ಯೂಬ್ ತಂದೆ. ಅದು ಬಳಿದರೆ ನೀರುನೀರಾಗಿ ಕಾಣುತ್ತದೆ, ಬಿಳಿ ಸೇರಿಸಿದರೆ ಬೂದಿಯ ಹಾಗೆ ಆಗುತ್ತದೆ. ಚಾವಡಿಯ ಗೋಡೆಗೆ ಸುಣ್ಣದ ಗಾರೆ ಮಾಡಿಸಿ ಚಿತ್ರ ಬರೆಯುವ ಆಸೆ ಇದೆ. ಹಸಿರು ಮಣ್ಣು ಅದಕ್ಕೆ ಆಗುತ್ತದಾ, ಅಥವಾ ಸುಮ್ನೆ ದುಡ್ಡು ದಂಡವಾ?

ಉತ್ತರ: ಗೋಡೆಗೆ ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆದರೆ ನಿಮ್ಮ ಬಾವಿಯ ಮಣ್ಣು ಆಗುವುದಿಲ್ಲ, ನೀವು ತಂದ ಟ್ಯೂಬಿನಲ್ಲಿರುವುದು ನಿಜವಾದ ಹಸಿರು ಮಣ್ಣು ಹೌದೋ ಅಲ್ಲವೋ ಅದನ್ನೂ ನೋಡಬೇಕು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಬಾವಿಯ ಮಣ್ಣು. ಅದು ಮೇಲೆ ಬಂದಾಗ ಹಸಿರಾಗಿದ್ದದ್ದು ನಿಜ. ಆ ಹಸಿರು ಬಂದದ್ದು ಕಬ್ಬಿಣದಿಂದ. ಚಿತ್ರಕಾರರು ಬಳಸುವ ಹಸಿರು ಮಣ್ಣಿಗೂ ಬಣ್ಣ ಕೊಡುವುದು ಕಬ್ಬಿಣವೇ. ನಮ್ಮ ಕೆಂಪುಕಲ್ಲಿನ ಕೆಂಪಿಗೂ ಅದೇ ಕಬ್ಬಿಣ. ಮೂರರಲ್ಲೂ ಇರುವುದು ಒಂದೇ ಲೋಹ. ಅದು ಎಲ್ಲಿ ಕೂತಿದೆ, ಎಷ್ಟು ಭದ್ರವಾಗಿ ಕೂತಿದೆ ಅನ್ನುವುದರಲ್ಲಿ ವ್ಯತ್ಯಾಸ. ಇದೊಂದು ತಿಳಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳೂ ಅರ್ಧ ಬಗೆಹರಿದ ಹಾಗೆ.

ಕೆಂಪುಕಲ್ಲಿನಿಂದಲೇ ಶುರು ಮಾಡೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದು ನಿಂತ ಮೇಲೆ ಸುಡುವ ಬಿಸಿಲು. ಲಕ್ಷಾಂತರ ವರ್ಷ ಹೀಗೇ ನಡೆದು, ಕಲ್ಲಿನೊಳಗಿದ್ದ ಪೊಟ್ಯಾಷಿಯಂ, ಮೆಗ್ನೀಷಿಯಂ, ಸಿಲಿಕಾದ ಬಹುಪಾಲು ತೊಳೆದುಹೋಗಿದೆ. ಕರಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಗಾಳಿ ತಾಗಿ ತಾಗಿ ಆ ಕಬ್ಬಿಣ ಪೂರ್ತಿ ತುಕ್ಕು ಹಿಡಿದಿದೆ. ಅದಕ್ಕೇ ಕೆಂಪು. ಅದರ ಅಡಿಯಲ್ಲಿ ಎಷ್ಟೋ ಕಡೆ ಬಿಳಿಯ ಮೆತ್ತನೆಯ ಶೇಡಿ ಸಿಗುತ್ತದೆ. ಇನ್ನೂ ಕೆಳಗೆ ಇಳಿದರೆ, ಅಥವಾ ಬೈಲಿನ ಗದ್ದೆಯ ಪಕ್ಕದಲ್ಲಿ ಅಗೆದರೆ, ವರ್ಷಪೂರ್ತಿ ನೀರಲ್ಲೇ ಮುಳುಗಿರುವ ಜೇಡಿ ಬರುತ್ತದೆ.

ಆ ಜೇಡಿಗೆ ಗಾಳಿಯೇ ತಾಗುವುದಿಲ್ಲ. ಅಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದೆ ತುಕ್ಕಿನ ಕಬ್ಬಿಣವನ್ನೇ ಬಳಸಿಕೊಂಡು ಬದುಕುತ್ತವೆ. ಹಾಗೆ ಆಗುವಾಗ ಕೆಂಪು ತುಕ್ಕು ಕರಗಿ, ಕಬ್ಬಿಣ ಇನ್ನೊಂದು ರೂಪಕ್ಕೆ ಬರುತ್ತದೆ. ಈ ರೂಪದಲ್ಲಿ ಮಣ್ಣಿಗೆ ನೀಲಿ-ಹಸಿರು ಛಾಯೆ. ರಸಾಯನ ಶಾಸ್ತ್ರದವರು ಇಂಥ ಮಣ್ಣಿನ ಹಸಿರನ್ನು ‘ಹಸಿರು ತುಕ್ಕು’ ಎನ್ನುತ್ತಾರೆ. ಫ್ರಾನ್ಸಿನ ಫೂಜೇರ್ ಎಂಬ ಊರಿನ ಕಾಡಿನ ಜೌಗು ನೆಲದಲ್ಲಿ ಇದನ್ನು ಖನಿಜವಾಗಿ ಗುರುತಿಸಿದ್ದರಿಂದ ಫೂಜೆರೈಟ್ ಎಂಬ ಹೆಸರೂ ಬಂದಿದೆ. ಅದಕ್ಕೆ ಗಾಳಿ ತಾಗಿದರೆ ಮುಗಿಯಿತು. ಗಂಟೆಗಳ ಲೆಕ್ಕದಲ್ಲಿ ಹಳದಿ, ಆಮೇಲೆ ಕಂದು.

ನಿಮ್ಮ ಬುಟ್ಟಿಯಲ್ಲಿ ಉಳಿದಿರುವ ದೊಡ್ಡ ಹೆಂಟೆಯೊಂದನ್ನು ಒಡೆದು ನೋಡಿ. ಹೊರಗೆ ಕಂದು ಸಿಪ್ಪೆ, ಒಳಗೆ ನಡುವಿನಲ್ಲಿ ಇನ್ನೂ ಬೂದು-ಹಸಿರು ಉಳಿದಿರುವ ಸಾಧ್ಯತೆ ಇದೆ. ಗಾಳಿ ಎಲ್ಲಿಯ ತನಕ ನುಗ್ಗಿದೆಯೋ ಅಲ್ಲಿಯ ತನಕ ಬಣ್ಣ ಬದಲಾಗಿರುತ್ತದೆ. ಇನ್ನೊಮ್ಮೆ ಬಾವಿಯ ಕೆಲಸ ಮಾಡಿಸುವಾಗ ಇದನ್ನೂ ಮಾಡಿ: ಹಸಿ ಮಣ್ಣಿನ ಒಂದು ಉಂಡೆಯನ್ನು ಬಾವಿಯ ನೀರು ತುಂಬಿದ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ, ಇನ್ನೊಂದನ್ನು ಪಕ್ಕದಲ್ಲೇ ತೆರೆದಿಡಿ. ಬಾಟಲಿಯೊಳಗಿನದು ಹಸಿರಾಗಿಯೇ ಉಳಿದರೆ, ಬಣ್ಣ ಕೆಡಿಸಿದ್ದು ಗಾಳಿ ಅನ್ನುವುದು ಕಣ್ಣೆದುರೇ ಗೊತ್ತಾಗುತ್ತದೆ.

ಹಾಗಂತ ಆ ಮಣ್ಣನ್ನು ಎಸೆಯಬೇಡಿ. ಮಂಗಳೂರಿನ ಹಂಚು ಆಗುವುದು ಇಂಥದ್ದೇ ಮಣ್ಣಿನಿಂದ ಅಲ್ವಾ? ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿ ಹಸಿಯಾಗಿರುವಾಗ ಕೆಂಪಾಗಿ ಕಾಣುವುದಿಲ್ಲ. ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಕಬ್ಬಿಣ ಕೆಂಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಆ ಮಣ್ಣನ್ನು ನಂಬಿಯೇ. ನಿಮ್ಮ ಜೇಡಿಯನ್ನೂ ನೀರಲ್ಲಿ ಕಲಸಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ತೆಳುವನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಆರಿಸಿ, ಒಲೆಯ ಕೆಂಡದಲ್ಲಿ ಸುಟ್ಟರೆ ಕೆಂಪು ಇಲ್ಲವೇ ಕಂದು ಬಣ್ಣದ ಪುಡಿ ಸಿಗುತ್ತದೆ. ಚಿತ್ರಕ್ಕೆ ಬೇಕಾಗುವ ಬಣ್ಣವೇ ಅದು. ಹಸಿರಿಗೆ ಜೊತೆಯಾಗಿ ಹೇಗೆ ಬರುತ್ತದೆ ಅಂತ ಮುಂದೆ ಹೇಳುತ್ತೇನೆ.

ಈಗ ನಿಜವಾದ ಹಸಿರು ಮಣ್ಣಿನ ವಿಷಯ. ಅದರಲ್ಲಿ ಮುಖ್ಯವಾಗಿ ಎರಡು ಖನಿಜ: ಸೆಲಡೊನೈಟ್ ಮತ್ತು ಗ್ಲಾಕೊನೈಟ್. ಎರಡೂ ಅಭ್ರಕದ ಬಳಗದವು, ಅಂದರೆ ನಮ್ಮ ಕಾಗೆಬಂಗಾರದ ದಾಯಾದಿಗಳು. ಪೊಟ್ಯಾಷಿಯಂ, ಮೆಗ್ನೀಷಿಯಂ, ಸಿಲಿಕಾ ಸೇರಿ ಹಾಳೆಹಾಳೆಯಾಗಿ ಕಟ್ಟಿಕೊಂಡ ಹರಳು. ಆ ಹರಳಿನ ಒಳಗೆ ಎರಡು ಬಗೆಯ ಕಬ್ಬಿಣ ಅಕ್ಕಪಕ್ಕ ಕೂತಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ದಾಟುವಾಗ ಬೆಳಕಿನ ಕೆಂಪು ಭಾಗವನ್ನು ನುಂಗಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಹಸಿರು ಕಾಣುತ್ತದೆ. ಬಾವಿಯ ಮಣ್ಣಿನಲ್ಲಿ ಕಬ್ಬಿಣಕ್ಕೆ ರಕ್ಷಣೆ ಇರಲಿಲ್ಲ. ಇಲ್ಲಿ ಅದು ಹರಳಿನೊಳಗೆ ಬಂದಿ. ಗಾಳಿ, ಬಿಸಿಲು, ಸುಣ್ಣ ಯಾವುದೂ ಅದನ್ನು ಸುಲಭವಾಗಿ ಮುಟ್ಟಲಾರದು. ಬೆಂಕಿ ಮಾತ್ರ ಮುಟ್ಟುತ್ತದೆ. ಜೋರಾಗಿ ಸುಟ್ಟರೆ ನಿಜವಾದ ಹಸಿರು ಮಣ್ಣೂ ಕೆಂಗಂದು ಆಗುತ್ತದೆ. ಹಾಗೆ ಸುಟ್ಟದ್ದನ್ನು ಬೇರೆ ಬಣ್ಣವಾಗಿಯೇ ಮಾರುತ್ತಾರೆ.

ಸೆಲಡೊನೈಟ್ ಹುಟ್ಟುವುದು ಲಾವಾ ಕಲ್ಲಿನಲ್ಲಿ. ಕರಿಕಲ್ಲಿನ, ಅಂದರೆ ಬಸಾಲ್ಟಿನ, ಗುಳ್ಳೆಗಳ ಒಳಗೋಡೆಗೆ ನೀಲಿ ಬೆರೆತ ಹಸಿರಾಗಿ ಅಂಟಿಕೊಂಡಿರುತ್ತದೆ. ಬೆರಳಿನಿಂದ ಉಜ್ಜಿದರೆ ಸಾಬೂನಿನಂಥ ನುಣುಪು. ಇಟಲಿಯ ವೆರೋನಾದ ಹತ್ತಿರದ ಮಾಂಟೆ ಬಾಲ್ಡೊ ಬೆಟ್ಟದ ಹಸಿರು ಇದೇ, ಸೈಪ್ರಸ್ ದ್ವೀಪದ್ದೂ ಇದೇ. ಗ್ಲಾಕೊನೈಟ್ ಹುಟ್ಟುವುದು ಕಡಲ ತಳದಲ್ಲಿ. ಹೊಳೆಯ ಕೆಸರು ಹೆಚ್ಚು ಬಂದು ಬೀಳದ ಕಡೆ, ಸಣ್ಣ ಜೀವಿಗಳ ಖಾಲಿ ಚಿಪ್ಪು ಮತ್ತು ಹಿಕ್ಕೆಗಳ ಒಳಗೆ ನಿಧಾನವಾಗಿ ಬೆಳೆಯುತ್ತದೆ. ಬಣ್ಣ ಸ್ವಲ್ಪ ಹಳದಿ ಕಡೆಗೆ, ಹೆಸರುಕಾಳಿನ ಸಿಪ್ಪೆಯ ಛಾಯೆ. ಭಾರತದ ನೈಋತ್ಯ ಕರಾವಳಿಯ ಕಡಲ ತಳದಲ್ಲೂ ಇಂಥ ಹಸಿರು ಕಣಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಅದು ಚಿತ್ರಕಾರರಿಗೆ ಸಿಗುವ ಮಾತಲ್ಲ.

ಅಜಂತಾದ ಬಗ್ಗೆ ನೀವು ಓದಿದ್ದು ಸರಿ. ಆ ಗುಹೆಗಳನ್ನು ಕಡಿದಿರುವುದೇ ದಖ್ಖನ್ನಿನ ಬಸಾಲ್ಟಿನಲ್ಲಿ. ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಅದು. ಹಸಿರು ಬೇಕಾದವರಿಗೆ ಅದು ಆ ಬೆಟ್ಟಗಳ ಕಲ್ಲಿನಲ್ಲೇ ಸಿಗುತ್ತಿತ್ತು. ಅಲ್ಲಿಯ ನೀಲಿ ಮಾತ್ರ ದೂರದಿಂದ ತರಿಸಿದ ಲಾಜವರ್ದ ಕಲ್ಲಿನದು. ಕ್ರಿಸ್ತಪೂರ್ವ ಕಾಲದಲ್ಲಿ ಕೆಲವು, 5ನೇ ಶತಮಾನದಲ್ಲಿ ಹೆಚ್ಚಿನವು, ಹೀಗೆ ಬರೆದ ಚಿತ್ರಗಳು. ಇಷ್ಟು ವರ್ಷವಾದರೂ ಎಲೆಯ ಹಸಿರು, ಬಟ್ಟೆಯ ಹಸಿರು ಕಣ್ಣಿಗೆ ಸಿಗುತ್ತದೆ. ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಚೋಳರ ಕಾಲದ ಭಿತ್ತಿಚಿತ್ರಗಳಲ್ಲೂ ಹಸಿರು ಮಣ್ಣು ಗುರುತಿಸಲಾಗಿದೆ. ಕೇರಳದ ಗೋಡೆಚಿತ್ರದವರ ದಾರಿ ಬೇರೆ. ಅವರಿಗೂ ನಮ್ಮ ಹಾಗೆ ಕೆಂಪುಕಲ್ಲಿನ ಊರು. ಕೆಂಪು, ಹಳದಿ ಮಣ್ಣಿನಿಂದ ತೆಗೆದರು. ಹಸಿರಿಗೆ ನೀಲಿ ಗಿಡದ ರಸಕ್ಕೆ ಇರವಿಕ್ಕರ ಮರದ ಹಳದಿ ಅಂಟನ್ನು ಬೆರೆಸಿದರು.

ನಮ್ಮಲ್ಲೂ ಮಣ್ಣು ಮತ್ತು ಸುಣ್ಣದ ಕೆಲಸಕ್ಕೆ ಬರ ಇಲ್ಲ. ದೀಪಾವಳಿಗೆ ಮನೆಯ ಗೋಡೆಗೆ ಶೇಡಿ ಬರೆಯುವುದಿದೆ. ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ಇದೆ: ಸುಣ್ಣದ ಗಾರೆಯ ಮೇಲೆ ಕೆಂಪು ಮಣ್ಣಿನ ಪದರ ಹಚ್ಚಿ, ಹಸಿಯಿರುವಾಗಲೇ ಕೆರೆದು ಬಿಳಿ ತೆಗೆಯುವುದು. ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಹಸಿರು ಅಲ್ಲಿಲ್ಲ. ಕಾರಣ ಆಗಲೇ ಹೇಳಿದೆ. ಹಸಿರು ಮಣ್ಣಿಗೆ ಬೇಕಾದ ಪೊಟ್ಯಾಷಿಯಂ, ಮೆಗ್ನೀಷಿಯಂ, ಸಿಲಿಕಾವನ್ನೇ ನಮ್ಮ ಮಳೆ ತೊಳೆದುಕೊಂಡು ಹೋಗಿದೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ಕಲ್ಲು ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಅದು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ ಲಾವಾ. ಸಿಲಿಕಾ ಜಾಸ್ತಿ ಇರುವ ಬೇರೆ ಜಾತಿಯ ಕಲ್ಲು. ಜೊತೆಗೆ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಒಂದು ಚೂರು ಕಲ್ಲನ್ನೂ ತರಬೇಡಿ.

ಟ್ಯೂಬಿನ ವಿಷಯಕ್ಕೆ ಬರೋಣ. ಎಣ್ಣೆಯಲ್ಲಿ ಅದು ನೀರುನೀರಾಗಿ ಕಾಣುವುದು ಬಣ್ಣದ ಗುಣವೇ. ಬಿಳಿ ಪಂಚೆ ಒಣಗಿರುವಾಗ ಮೈ ಮುಚ್ಚುತ್ತದೆ, ನೆನೆದರೆ ಮೈ ಕಾಣುತ್ತದೆ. ಎಳೆಗಳ ನಡುವೆ ಗಾಳಿ ಇದ್ದಾಗ ಬೆಳಕು ಅಲ್ಲೇ ಚದುರುತ್ತದೆ, ನೀರು ತುಂಬಿದರೆ ಒಳಗೆ ಹೋಗುತ್ತದೆ. ಇಲ್ಲೂ ಹಾಗೆಯೇ. ಬೆಳಕನ್ನು ಬಾಗಿಸುವ ಅಳತೆಯಲ್ಲಿ ಅಗಸೆ ಎಣ್ಣೆ ಸುಮಾರು 1.48, ಹಸಿರು ಮಣ್ಣು ಸುಮಾರು 1.6. ಎರಡಕ್ಕೂ ಅಂತರ ಕಡಿಮೆ. ಹಾಗಾಗಿ ಎಣ್ಣೆಯಲ್ಲಿ ಮುಳುಗಿದ ಹಸಿರು ಕಣ ಅರ್ಧ ಕಣ್ಮರೆಯಾಗುತ್ತದೆ. ಟೈಟಾನಿಯಂ ಬಿಳಿ ಸುಮಾರು 2.7. ಅದು ಎಣ್ಣೆಯಲ್ಲೂ ಗಟ್ಟಿಯಾಗಿ ಮುಚ್ಚುತ್ತದೆ. ಒಂದು ಚಿಟಿಕೆ ಸೇರಿಸಿದರೂ ಹಸಿರನ್ನು ನುಂಗಿಬಿಡುತ್ತದೆ. ನಿಮಗೆ ಬೂದಿ ಸಿಕ್ಕಿದ್ದು ಅದಕ್ಕೆ. ಬಿಳಿ ಬೇಕೇಬೇಕು ಅಂದರೆ ಜಿಂಕ್ ಬಿಳಿ ಬಳಸಿ, ಅದು ಮೆತ್ತಗೆ ಬೆರೆಯುತ್ತದೆ.

ಸುಣ್ಣದಲ್ಲಿ, ಅಥವಾ ತೆಳುವಾದ ಗೋಂದಿನ ನೀರಿನಲ್ಲಿ ಬಳಿದರೆ ಕಥೆಯೇ ಬೇರೆ. ನೀರು ಆರಿದ ಮೇಲೆ ಕಣಗಳ ಸುತ್ತ ಗಾಳಿ ಬರುತ್ತದೆ. ಗಾಳಿಯ ಅಳತೆ 1. ಅಂತರ ದೊಡ್ಡದಾಗುತ್ತದೆ, ಹಸಿರು ಮೈತುಂಬಿಕೊಂಡು ನಿಲ್ಲುತ್ತದೆ. ಹಸಿರು ಮಣ್ಣನ್ನು ಎಣ್ಣೆಬಣ್ಣದ ಟ್ಯೂಬಿನಲ್ಲಿ ಮೊದಲ ಸಲ ನೋಡಿದವರು ಅದನ್ನು ಕೈಬಿಡುವುದು ನನಗೆ ನಿಜಕ್ಕೂ ಬೇಸರದ ವಿಷಯ. ಅದನ್ನು ಪುಡಿಯಾಗಿ ತಂದು, ನೀರಿನಲ್ಲಿ ಅರೆದು, ಬಿಳಿ ನೆಲದ ಮೇಲೆ ಬಳಿದು ನೋಡಬೇಕು.

ಆದರೆ ಮೊದಲು ಟ್ಯೂಬಿನ ಬೆನ್ನು ಓದಿ. ಅಲ್ಲಿ ಬಣ್ಣದ ಸಂಕೇತ ಇರುತ್ತದೆ, ‘ಪಿಜಿ’ ಅಂದರೆ ಪಿಗ್ಮೆಂಟ್ ಗ್ರೀನ್. ನಿಜವಾದ ಹಸಿರು ಮಣ್ಣಿನ ಗುರುತು ‘ಪಿಜಿ 23’. ಅದರ ಬದಲು ಪಿಜಿ 7, ಪಿಜಿ 17, ಪಿಜಿ 18 ಇದ್ದರೆ, ಅಥವಾ ಹೆಸರಿನ ಮುಂದೆ ‘ಹ್ಯೂ’ ಅಂತ ಇದ್ದರೆ, ಅದು ಬೇರೆ ಹಸಿರುಗಳನ್ನು ಬೆರೆಸಿ ಅದೇ ಛಾಯೆ ತಂದದ್ದು. ಪಿಜಿ 7 ಕಾರ್ಖಾನೆಯ ಥ್ಯಾಲೊ ಹಸಿರು, 17 ಮತ್ತು 18 ಕ್ರೋಮಿಯಂನವು. ಅವು ಕೆಟ್ಟ ಬಣ್ಣ ಅಲ್ಲ, ಆದರೆ ನೀವು ಕೇಳಿದ್ದು ಅವನ್ನಲ್ಲ. ಕೆಲವು ಕಡೆ 23ರ ಜೊತೆಗೇ ಇವುಗಳಲ್ಲೊಂದನ್ನು ಸೇರಿಸಿರುತ್ತಾರೆ, ಮಣ್ಣಿನ ಬಣ್ಣ ತೆಳು ಅಂತ. ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆ ಹಾಕುವ ಹಸಿರು ಆಕ್ಸೈಡ್ ಪುಡಿಯೂ ಹಸಿರು ಮಣ್ಣಲ್ಲ.

ಪುಡಿ ತಂದರೆ ಇನ್ನೂ ಜಾಗ್ರತೆ ಬೇಕು. ಹಸಿರು ಮಣ್ಣಿಗೆ ಕೆಲವು ಜಾತಿಯ ಡೈಗಳನ್ನು ಹಿಡಿದಿಟ್ಟುಕೊಳ್ಳುವ ಗುಣ ಇದೆ. ಹಿಂದೆ ಇದನ್ನೇ ಬಳಸಿಕೊಂಡು, ಮಣ್ಣಿಗೆ ಡೈ ಹತ್ತಿಸಿ ಗಾಢವಾದ ಹಸಿರು ಮಾಡಿ ಮಾರುತ್ತಿದ್ದರು. ಈಗಲೂ ಪುಡಿ ಕಣ್ಣಿಗೆ ಹೊಡೆಯುವ ಹಸಿರಾಗಿದ್ದರೆ ಅನುಮಾನಪಡಿ. ಮನೆಯಲ್ಲೇ ನೋಡಬಹುದು. ಒಂದು ಚಮಚ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಕಿ ಬಿಡಿ. ಮಣ್ಣು ತಳಕ್ಕೆ ಇಳಿದ ಮೇಲೆ ಮೇಲಿನ ಸ್ಪಿರಿಟ್ ತಿಳಿಯಾಗಿರಬೇಕು, ಹಸಿರಾದರೆ ಡೈ ಇದೆ. ಇನ್ನೊಂದು ಚಮಚವನ್ನು ಹಳೆಯ ಕಬ್ಬಿಣದ ಸೌಟಿನಲ್ಲಿ ಹಾಕಿ, ಸೌಟು ಕೆಂಪಗೆ ಕಾಯುವ ತನಕ ಬೆಂಕಿಯ ಮೇಲೆ ಹಿಡಿಯಿರಿ. ಇದನ್ನು ಅಂಗಳದಲ್ಲಿ ಮಾಡಿ, ಹೊಗೆ ಬಂದರೆ ಉಸಿರಿಗೆ ತೆಗೆದುಕೊಳ್ಳಬೇಡಿ. ನಿಜವಾದದ್ದು ಕಂದಾಗುತ್ತದೆ. ಕ್ರೋಮಿಯಂ ಆಕ್ಸೈಡ್ ಇದ್ದರೆ ಹಸಿರಾಗಿಯೇ ಉಳಿಯುತ್ತದೆ.

ಈಗ ಬಳಸುವ ಬಗೆ. ನನಗೆ ಹಸಿರು ಮಣ್ಣಿನಲ್ಲಿ ಅತಿ ಇಷ್ಟವಾದ ಕೆಲಸ ಮುಖ ಬರೆಯುವುದು. ಎಲೆ, ಬಳ್ಳಿ, ಗಿಳಿ ಬರೆಯುವುದಕ್ಕೂ ಆಗುತ್ತದೆ. ಆದರೆ ಮುಖದ ಅಡಿಯಲ್ಲಿ ಅದು ಮಾಡುವ ಕೆಲಸ ಬೇರೆ ಯಾವ ಬಣ್ಣಕ್ಕೂ ಬರುವುದಿಲ್ಲ. ಇಟಲಿಯ ಹಳೆಯ ಚಿತ್ರಕಾರರು ಮುಖ, ಕೈಗಳಿಗೆ ಮೊದಲು ಹಸಿರು ಮಣ್ಣು ಬಳಿಯುತ್ತಿದ್ದರು. ಸುಮಾರು 1400ರಲ್ಲಿ ಚಿತ್ರಕಾರರಿಗಾಗಿ ಕೈಪಿಡಿ ಬರೆದ ಚೆನ್ನಿನೊ ಚೆನ್ನಿನಿ ಇದನ್ನು ವಿವರವಾಗಿ ಹೇಳಿದ್ದಾನೆ. ಹಸಿರಿನ ಮೇಲೆ ತೆಳುವಾಗಿ ಗುಲಾಬಿ ಬಣ್ಣ ಬಂದಾಗ ಚರ್ಮಕ್ಕೆ ಜೀವ ಬರುತ್ತಿತ್ತು. ಸಿಯೆನಾ ಊರಿನ ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಮೇಲಿನ ಗುಲಾಬಿ ಸವೆದು, ಮಾಸಿ, ಈಗ ಮೇರಿ ಮಾತೆಯ ಮುಖವೇ ಹಸಿರಾಗಿ ಕಾಣುತ್ತದೆ. ಮೇಲಿನದು ಹೋಯಿತು, ಅಡಿಯ ಮಣ್ಣು ನಿಂತಿತು.

ನಮ್ಮ ಮೈಬಣ್ಣಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಹೀಗೆ ಮಾಡಿ. ಬಿಳಿ ನೆಲದ ಮೇಲೆ ಮುಖದ ರೇಖೆ ಬರೆದುಕೊಳ್ಳಿ. ಹಸಿರು ಮಣ್ಣನ್ನು ನೀರಾಗಿ ಕಲಸಿ, ಇಡೀ ಮುಖಕ್ಕೆ ಒಂದೇ ಸಮ ಬಳಿಯಿರಿ. ಆರಿದ ಮೇಲೆ ಕಣ್ಣಿನ ಗುಳಿ, ಮೂಗಿನ ಪಕ್ಕ, ಗಲ್ಲದ ಕೆಳಗೆ ಇನ್ನೊಂದು, ಬೇಕಾದರೆ ಮತ್ತೊಂದು ಪದರ. ಈಗ ಇಡೀ ಮುಖ ಹಸಿರು, ನೆರಳೆಲ್ಲ ಕಡು ಹಸಿರು. ಹೆದರಬೇಡಿ. ಆಮೇಲೆ ನಿಮ್ಮ ಬಾವಿಯ ಸುಟ್ಟ ಮಣ್ಣನ್ನು ತೆಗೆದುಕೊಳ್ಳಿ. ಅದನ್ನು ತುಂಬ ತೆಳುವಾಗಿ, ಸಣ್ಣ ಕುಂಚದಲ್ಲಿ ಗೀಟು ಗೀಟಾಗಿ ಬರೆಯಿರಿ. ಕೆನ್ನೆಯ ಉಬ್ಬಿನಲ್ಲಿ ಗೀಟು ಒತ್ತೊತ್ತಾಗಿ, ನೆರಳಿನ ಕಡೆ ಹೋದ ಹಾಗೆ ಬಿಡಿಬಿಡಿಯಾಗಿ, ನೆರಳಿನಲ್ಲಿ ಇಲ್ಲವೇ ಇಲ್ಲ. ಕೆಂಪು ಮತ್ತು ಹಸಿರು ಒಂದನ್ನೊಂದು ತಗ್ಗಿಸುತ್ತವೆ. ಗೀಟುಗಳ ನಡುವಿನ ಹಸಿರು ಸಂದಿ ದೂರದಿಂದ ಹಸಿರಾಗಿ ಕಾಣುವುದಿಲ್ಲ, ಚರ್ಮದ ತಂಪಾದ ಭಾಗದ ಹಾಗೆ ಕಾಣುತ್ತದೆ. ಎಣ್ಣೆಗಪ್ಪು ಮೈ, ಗೋಧಿ ಮೈ, ಎರಡಕ್ಕೂ ಇದೇ ದಾರಿ. ಕೆಂಪಿನ ಗೀಟು ಎಷ್ಟು ಪದರ ಅನ್ನುವುದಷ್ಟೇ ಬದಲು. ಕಪ್ಪು ಬೆರೆಸಿ ನೆರಳು ಮಾಡುವ ಅಭ್ಯಾಸ ಇದ್ದವರು ಒಮ್ಮೆ ಹೀಗೆ ಮಾಡಿ ನೋಡಿ. ಕಪ್ಪು ಹಾಕಿದ ನೆರಳು ಸತ್ತ ಹಾಗೆ ಇರುತ್ತದೆ, ಹಸಿರಿನ ನೆರಳು ಉಸಿರಾಡುತ್ತದೆ.

ಪುಡಿಯನ್ನು ಅರೆಯುವುದು ಕಷ್ಟವಲ್ಲ. ದಪ್ಪ ಗಾಜಿನ ಹಲಗೆಯ ಮೇಲೆ ಎರಡು ಚಮಚ ಪುಡಿ, ಸ್ವಲ್ಪ ನೀರು, ಅಡಿ ಸಪಾಟಾಗಿರುವ ಗಾಜಿನ ಗುಂಡು. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತು ಬೆಣ್ಣೆಯ ಹಾಗೆ ಜಾರಲು ಶುರುವಾದರೆ ಸಾಕು. ಅತಿಯಾಗಿ ಅರೆದರೆ ಬಣ್ಣ ಪೇಲವವಾಗುತ್ತದೆ, ಕಣ ಸಣ್ಣದಾದಷ್ಟೂ ಹಸಿರು ತೆಳು. ಕಾಗದಕ್ಕೋ ಹಲಗೆಗೋ ಆದರೆ ಗೋಂದು ಸೇರಿಸಿ. ಗೋಡೆಗೆ ಏನೂ ಬೇಡ, ಬರೀ ನೀರು. ಒಣ ಪುಡಿ ಕೈಯಲ್ಲಿರುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಮಣ್ಣು ವಿಷವಲ್ಲ, ಆದರೆ ಸಿಲಿಕಾ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಹಚ್ಚುವ ಬಣ್ಣವಾಗಿ, ವೇಷಕ್ಕೆ, ಇದನ್ನು ಬಳಸಬೇಡಿ. ಚಿತ್ರದ ಪುಡಿಗಳನ್ನು ಚರ್ಮಕ್ಕೆಂದು ಶುದ್ಧ ಮಾಡಿರುವುದಿಲ್ಲ.

ಇನ್ನು ನಿಮ್ಮ ಚಾವಡಿಯ ಗೋಡೆ. ಮಂಗಳೂರು ಕಡೆಯವರಿಗೆ ಹಸಿ ಗಾರೆಯ ಚಿತ್ರ ಅಂದರೆ ಸಂತ ಅಲೋಶಿಯಸ್ ಚಾಪೆಲ್ ನೆನಪಾಗುತ್ತದೆ. ಇಟಲಿಯ ಬೆರ್ಗಮೊ ಕಡೆಯ ಆಂಟೋನಿಯೊ ಮೊಸ್ಕೇನಿ 19ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ಬರೆದ. ಕೆಲವು ಹಸಿ ಗಾರೆಯ ಮೇಲೆ, ಕೆಲವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ. ಚಿತ್ರ ಬರೆಯುವ ಮುಂಚೆ ಒಮ್ಮೆ ಹೋಗಿ, ಆ ಎರಡರ ಹೊಳಪು ಹೇಗೆ ಬೇರೆ ಅಂತ ನೋಡಿ ಬನ್ನಿ. 1990ರ ದಶಕದಲ್ಲಿ ಅವನ್ನು ದುರಸ್ತಿ ಮಾಡಬೇಕಾಗಿ ಬಂತು. ನಮ್ಮ ಊರಿನಲ್ಲಿ ಗೋಡೆಚಿತ್ರಕ್ಕೆ ದೊಡ್ಡ ಶತ್ರು ತೇವ.

ಹಸಿ ಗಾರೆಯ ಮೇಲೆ ಬರೆದಾಗ ಸುಣ್ಣವೇ ಅಂಟು. ಗಾರೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣದ ಕಣ ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಹಸಿ ಸುಣ್ಣ ಬಹಳ ಖಾರ. ಅದು ಎಷ್ಟೋ ಬಣ್ಣಗಳನ್ನು ಸುಟ್ಟುಬಿಡುತ್ತದೆ. ಗಿಡದ ಬಣ್ಣ, ತಾಮ್ರದ ಕಿಲುಬಿನ ಹಸಿರು, ಡೈ ಹತ್ತಿಸಿದ ಎಷ್ಟೋ ಪುಡಿಗಳು ನಿಲ್ಲುವುದಿಲ್ಲ. ಹಸಿರು ಮಣ್ಣಿಗೆ ಏನೂ ಆಗುವುದಿಲ್ಲ, ಕಬ್ಬಿಣ ಹರಳಿನೊಳಗೆ ಭದ್ರ. ಗೋಡೆಚಿತ್ರದವರು ರೋಮನ್ನರ ಕಾಲದಿಂದ ಇದನ್ನು ನೆಚ್ಚಿಕೊಂಡದ್ದು ಇದಕ್ಕೇ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ನರ ಊರು ಪೊಂಪೆಯಲ್ಲಿ ಬಟ್ಟಲಿನಲ್ಲೇ ಉಳಿದುಕೊಂಡ ಹಸಿರು ಮಣ್ಣು ಸಿಕ್ಕಿದೆ.

ಗೋಡೆ ಕೆಂಪುಕಲ್ಲಿನದಾದರೆ ಒಳ್ಳೆಯದು. ಮೇಲೆ ಸಿಮೆಂಟ್ ಪ್ಲಾಸ್ಟರ್ ಇದ್ದರೆ ಕೆತ್ತಿ ತೆಗೆಸಿ. ಸಿಮೆಂಟಿನ ಉಪ್ಪು ಮುಂದೆ ಬಿಳಿಬಿಳಿಯಾಗಿ ಚಿತ್ರದ ಮೇಲೆ ಬರುತ್ತದೆ. ಚಿಪ್ಪು ಸುಟ್ಟ ಸುಣ್ಣ ಸಿಕ್ಕಿದರೆ ಅದನ್ನೇ ತನ್ನಿ. ನೀರಲ್ಲಿ ಅರಳಿಸಿ, ಮೇಲೆ ನೀರು ನಿಲ್ಲಿಸಿ, ಕೆಲವು ತಿಂಗಳು ಹಾಗೇ ಬಿಡಿ. ಹಳೆಯದಾದಷ್ಟೂ ಬೆಣ್ಣೆಯ ಹಾಗೆ ಆಗುತ್ತದೆ. ಮರಳು ಹೊಳೆಯದ್ದು ಬೇಕು, ಕಡಲ ಮರಳು ಬೇಡವೇ ಬೇಡ. ಕೆಳಗಿನ ಪದರ ಒರಟು, ಮೇಲಿನದು ಸಣ್ಣ ಮರಳಿನದು, ತೆಳು. ಮೇಲಿನ ಪದರವನ್ನು ಒಂದು ದಿನಕ್ಕೆ ಬರೆದು ಮುಗಿಸಬಹುದಾದಷ್ಟೇ ಬಳಿಸಿ.

ಯಾವಾಗ ಕುಂಚ ಇಡಬೇಕು ಅನ್ನುವುದನ್ನು ಬೆರಳು ಹೇಳುತ್ತದೆ. ಗಾರೆ ಬೆರಳಿಗೆ ಅಂಟುತ್ತಿದ್ದರೆ ಇನ್ನೂ ಹೊತ್ತಾಗಿಲ್ಲ, ಕುಂಚ ಸುಣ್ಣವನ್ನು ಎಬ್ಬಿಸಿ ಹಸಿರನ್ನು ಮಂಕು ಮಾಡುತ್ತದೆ. ತಂಪಾಗಿದ್ದು, ಅಂಟದೆ, ಒತ್ತಿದರೆ ಮಾತ್ರ ಗುರುತು ಬೀಳುವಂತಿದ್ದರೆ ಶುರು ಮಾಡಿ. ಹಿಂದಿನ ದಿನವೇ ನೀರಲ್ಲಿ ನೆನೆಸಿಟ್ಟ ಹಸಿರು ಮಣ್ಣನ್ನು ಹಾಲಿನಷ್ಟು ತೆಳುವಾಗಿ ಮಾಡಿಕೊಂಡು, ಒಂದರ ಮೇಲೊಂದು ಪದರ ಹಾಕುತ್ತಾ ಹೋಗಿ. ಗೋಡೆ ಬಣ್ಣದ ನೀರನ್ನು ಹೀರುತ್ತಿರುವಷ್ಟು ಹೊತ್ತು ಬರೆಯಿರಿ. ಹೀರುವುದು ನಿಂತು, ಕುಂಚ ಎಳೆದ ಹಾಗಾಗಿ, ಬಣ್ಣ ಮೇಲೆಯೇ ಕೂರಲು ಶುರುವಾದರೆ ಆ ದಿನದ ಕೆಲಸ ಮುಗಿಯಿತು. ಹಟ ಹಿಡಿದು ಮುಂದುವರಿಸಿದರೆ ಆ ಭಾಗ ಮುಂದೆ ಪುಡಿಪುಡಿಯಾಗಿ ಉದುರುತ್ತದೆ. ಆರಿದ ಮೇಲೆ ಬಣ್ಣ ಹಸಿಯಲ್ಲಿದ್ದದ್ದಕ್ಕಿಂತ ತುಂಬ ತಿಳಿಯಾಗುತ್ತದೆ, ಗಾಬರಿ ಬೇಡ. ಆಮೇಲೆ ಸಣ್ಣಪುಟ್ಟ ತಿದ್ದುವುದಿದ್ದರೆ ಕೆನೆ ತೆಗೆದ ಹಾಲಿನ ಮೊಸರಿನ ಗಟ್ಟಿಯನ್ನು ಸ್ವಲ್ಪ ಸುಣ್ಣದ ಜೊತೆ ಅರೆದು, ಅದನ್ನೇ ಅಂಟಾಗಿ ಬಳಸಿ. ತುಂಬ ಕಡೆ ಹಾಕಬೇಡಿ, ನಮ್ಮ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ.

ಕಾಲ ನೋಡಿ ಕೆಲಸ ಮಾಡಿ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಿರುತ್ತದೆ, ಆಗ ಗಾರೆ ಹಾಕಿದರೆ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗಾರೆ ಬೇಗ ಆರಿ ಬಿರುಕು ಬಿಡುತ್ತದೆ. ನವೆಂಬರಿನಿಂದ ಫೆಬ್ರವರಿಯ ತನಕ ಒಳ್ಳೆಯದು. ಗೋಡೆಯ ಬುಡದಿಂದ ತೇವ ಏರುತ್ತಿದೆಯಾ ಅಂತ ಈ ಮಳೆಗಾಲದಲ್ಲೇ ನೋಡಿಟ್ಟುಕೊಳ್ಳಿ. ಏರುತ್ತಿದ್ದರೆ, ಆ ಎತ್ತರದ ಕೆಳಗೆ ಚಿತ್ರ ಬೇಡ, ಬರೀ ಶೇಡಿಯೋ ಕಾವಿಯೋ ಬಳಿದು ಬಿಡಿ. ಅದನ್ನು ವರ್ಷ ವರ್ಷ ಮತ್ತೆ ಹಚ್ಚಬಹುದು.

ಪುಡಿಯನ್ನು ಒಮ್ಮೆಗೇ ಕಿಲೋಗಟ್ಟಲೆ ತರಿಸಬೇಡಿ. ಮೊದಲು 100 ಗ್ರಾಂ ತರಿಸಿ. ಮನೆಯಲ್ಲಿ ಹಳೆಯ ಮಂಗಳೂರು ಹಂಚು ಇದ್ದೇ ಇರುತ್ತದೆ. ಮೂರು ಹಂಚು ತೆಗೆದುಕೊಂಡು, ನೆನೆಸಿ, ಅವುಗಳ ಒಳಬದಿಗೆ ನೀವು ಗೋಡೆಗೆ ಬಳಸಲಿರುವ ಗಾರೆಯನ್ನೇ ಬಳಿಯಿರಿ. ಹಸಿಯಿರುವಾಗ ಹಸಿರು ಮಣ್ಣಿನ ಒಂದು ಪಟ್ಟಿ, ಸುಟ್ಟ ಬಾವಿಮಣ್ಣಿನ ಒಂದು ಪಟ್ಟಿ, ಹಸಿರಿನ ಮೇಲೆ ಕೆಂಪು ಗೀಟು ಹಾಕಿದ ಒಂದು ಪಟ್ಟಿ ಬರೆಯಿರಿ. ಒಂದು ಹಂಚನ್ನು ಪೆಟ್ಟಿಗೆಯೊಳಗೆ ಇಡಿ, ಒಂದನ್ನು ಚಾವಡಿಯಲ್ಲಿ, ಒಂದನ್ನು ಪಡುವಣ ಬಿಸಿಲು ಬೀಳುವ ಜಗಲಿಯಲ್ಲಿ. ತಿಂಗಳಾದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು, ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಬಂದರೆ ಗಾರೆಯ ಹದ ಅಥವಾ ಬರೆದ ಹೊತ್ತು ತಪ್ಪಿದೆ. ಮೂರರ ಹಸಿರೂ ಒಂದೇ ಇದ್ದರೆ ಪುಡಿಯ ಬಗ್ಗೆ ಚಿಂತೆ ಬೇಡ, ಬೇಕಾದಷ್ಟು ತರಿಸಿಕೊಂಡು ಗೋಡೆಯ ಕೆಲಸ ಶುರು ಮಾಡಿ.